ಕ್ಯಾಮೆರಾದಲ್ಲಿ ಕಳ್ಳ ಕಾಣ್ತಾನೆ, ಗಾಡಿ ನಂಬರ್ ಕಾಣಲ್ಲ

ಬೆಂಗಳೂರಿನ ಯಾವ ಬಡಾವಣೆಯ ವಾಟ್ಸಪ್ ಗುಂಪಿನಲ್ಲಾದರೂ ಈ ವಿಡಿಯೊ ಒಂದಲ್ಲ ಒಂದು ದಿನ ಬಂದೇ ಇರುತ್ತದೆ. ಬೆಳಿಗ್ಗೆ ಆರೂವರೆ ಹೊತ್ತು. ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡುತ್ತಿರುವ ಹೆಂಗಸು. ಬೈಕಿನಲ್ಲಿ ಇಬ್ಬರು ಬರುತ್ತಾರೆ, ಹಿಂದೆ ಕೂತವನು ವಿಳಾಸ ಕೇಳುವವನ ಹಾಗೆ ಬಗ್ಗುತ್ತಾನೆ, ಸರ ಕಿತ್ತುಕೊಳ್ಳುತ್ತಾನೆ, ಗಾಡಿ ಮೂಲೆ ತಿರುಗುತ್ತದೆ. ಎಲ್ಲ ಸೇರಿ ಆರೇಳು ಸೆಕೆಂಡು. ಕೆಳಗೆ ಎಂಬತ್ತು ಜನ ಬರೆದಿರುತ್ತಾರೆ: ಪೊಲೀಸರು ಎಲ್ಲಿದ್ದರು, ಇಂಥವರನ್ನು ನಡುರಸ್ತೆಯಲ್ಲಿ ಬಡಿಯಬೇಕು, ಇನ್ನೊಂದು ಕ್ಯಾಮೆರಾ ಹಾಕಿಸೋಣ. ಗಾಡಿ ನಂಬರ್ ಎಷ್ಟು ಅಂತ ಕೇಳಿದವರು ಆ ಎಂಬತ್ತರಲ್ಲಿ ಒಬ್ಬರೂ ಇರುವುದಿಲ್ಲ. ಇದ್ದರೂ ಉತ್ತರ ಸಿಕ್ಕುವುದಿಲ್ಲ, ಯಾಕೆಂದರೆ ಆ ವಿಡಿಯೊದಲ್ಲಿ ನಂಬರ್ ಇರುವ ಜಾಗದಲ್ಲಿ ಒಂದು ಬಿಳಿ ಮಚ್ಚೆ ಮಾತ್ರ ಇರುತ್ತದೆ.

ಬೀದಿ ಅಪರಾಧದ ವಿಷಯದಲ್ಲಿ ನಿವಾಸಿಗಳ ಕೆಲಸ ಕಳ್ಳನನ್ನು ಹಿಡಿಯುವುದಲ್ಲ, ಸುಳಿವು ಉಳಿಸಿಡುವುದು. ನಿವಾಸಿಗಳ ಸಂಘಗಳು ಲಕ್ಷಗಟ್ಟಲೆ ಖರ್ಚು ಮಾಡಿಯೂ ಸೋಲುವುದು ಇಲ್ಲೇ.

ಮೊದಲು ಆ ಬಿಳಿ ಮಚ್ಚೆಯ ಲೆಕ್ಕ ನೋಡಿ. ಅಂಗಡಿಯವರು ಸಾಮಾನ್ಯವಾಗಿ ಕೊಡುವುದು 2 ಮೆಗಾಪಿಕ್ಸೆಲ್ ಕ್ಯಾಮೆರಾ, 2.8 ಎಂಎಂ ಲೆನ್ಸ್. ಅದು ಸುಮಾರು 100 ಡಿಗ್ರಿ ಅಗಲಕ್ಕೆ ನೋಡುತ್ತದೆ. ಹತ್ತು ಮೀಟರ್ ದೂರದಲ್ಲಿ ಅದು ತುಂಬಿಕೊಳ್ಳುವ ದೃಶ್ಯದ ಅಗಲ ಹತ್ತಿರ ಹತ್ತಿರ 24 ಮೀಟರ್. ಅಷ್ಟನ್ನೂ ಅಡ್ಡಸಾಲಿನ 1920 ಚುಕ್ಕೆಗಳಲ್ಲಿ (ಪಿಕ್ಸೆಲ್) ತೋರಿಸಬೇಕು, ಅಂದರೆ ಮೀಟರಿಗೆ 80 ಚುಕ್ಕೆ. ಬೈಕಿನ ಹಿಂದಿನ ನಂಬರ್ ಪ್ಲೇಟಿನ ಅಗಲ 200 ಮಿಲಿಮೀಟರ್. ಅದರ ಪಾಲಿಗೆ ಬರುವುದು 16 ಚುಕ್ಕೆ. ಹದಿನಾರು ಚುಕ್ಕೆಯಲ್ಲಿ ಒಂದು ಸಾಲು ಅಕ್ಷರ ಓದಲು ಯಾರಿಂದಲೂ ಆಗದು, ಎಷ್ಟು ಜೂಮ್ ಮಾಡಿದರೂ ಆಗದು. ಅದೇ ಕ್ಯಾಮೆರಾಕ್ಕೆ 12 ಎಂಎಂ ಲೆನ್ಸ್ ಇದ್ದರೆ ಹತ್ತು ಮೀಟರ್ ದೂರದಲ್ಲಿ ದೃಶ್ಯದ ಅಗಲ ನಾಲ್ಕೂವರೆ ಮೀಟರ್ ಆಸುಪಾಸಿಗೆ ಇಳಿಯುತ್ತದೆ, ಪ್ಲೇಟಿಗೆ 80 ಚುಕ್ಕೆಗಿಂತ ಹೆಚ್ಚು ಸಿಗುತ್ತದೆ. ಆಗ ಓದಬಹುದು.

ಹಾಗಾಗಿ ಮನೆಗೊಂದು ಅಗಲ ನೋಟದ ಕ್ಯಾಮೆರಾ ಹಾಕುವ ಬದಲು, ರಸ್ತೆಯಿಂದ ಹೊರಹೋಗುವ ಪ್ರತಿ ಬಾಯಿಗೆ ಒಂದೊಂದು ಕಿರಿದಾದ ನೋಟದ ಕ್ಯಾಮೆರಾ ಹಾಕಿಸಿ. ಎರಡು ಬಾಯಿ ಇದ್ದರೆ ಎರಡು ಸಾಕು. ಬರುವ ಗಾಡಿಗೆ ಗುರಿ ಇಡಬೇಡಿ, ಹೋಗುವ ಗಾಡಿಯ ಬೆನ್ನಿಗೆ ಇಡಿ. ಎದುರಿನಿಂದ ಹೆಡ್‌ಲೈಟ್ ಹೊಡೆದರೆ ರಾತ್ರಿ ಚಿತ್ರವೆಲ್ಲ ಬೆಳ್ಳಗಾಗುತ್ತದೆ, ಮುಂದಿನ ಪ್ಲೇಟಿನ ಅಕ್ಷರವೂ ಸಣ್ಣದು. ಎತ್ತರ ಎರಡೂವರೆಯಿಂದ ಮೂರು ಮೀಟರ್. ಮೂರನೇ ಮಹಡಿಯ ತಾರಸಿಯಿಂದ ಕಾಣುವುದು ಹೆಲ್ಮೆಟ್ಟಿನ ನೆತ್ತಿ ಮಾತ್ರ. ಇನ್ನೊಂದು ವಿಷಯ ಅಳವಡಿಸುವವರು ಹೇಳುವುದೇ ಇಲ್ಲ, ಅದು ಶಟರ್ ವೇಗ, ಅಂದರೆ ಒಂದೊಂದು ಚಿತ್ರಕ್ಕೆ ಕ್ಯಾಮೆರಾ ಕಣ್ಣು ತೆರೆದಿಡುವ ಹೊತ್ತು. ಗಂಟೆಗೆ 40 ಕಿ.ಮೀ. ವೇಗದಲ್ಲಿ ಹೋಗುವ ಬೈಕು ಸೆಕೆಂಡಿನ 25ನೇ ಒಂದು ಭಾಗದಲ್ಲಿ 44 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ. ಅಕ್ಷರ ಕದಡದೆ ಇನ್ನೇನಾಗುತ್ತದೆ? ನಂಬರಿಗೆಂದೇ ಇಟ್ಟ ಕ್ಯಾಮೆರಾದಲ್ಲಿ ಶಟರನ್ನು ಸೆಕೆಂಡಿನ 1/500ಕ್ಕೆ ಇಡಿಸಿ. ಚಿತ್ರ ಕತ್ತಲೆಯಾಗಿ ಕಾಣುತ್ತದೆ, ಪರವಾಗಿಲ್ಲ, ಮುಖ ನೋಡಲು ಮೊದಲೇ ಹಾಕಿಸಿದ ಅಗಲ ನೋಟದ ಕ್ಯಾಮೆರಾ ಇದೆ. ಪರೀಕ್ಷೆ ಸುಲಭ: ರಾತ್ರಿ ಎಂಟು ಗಂಟೆಗೆ ಪರಿಚಯದವರ ಬೈಕನ್ನು ಆ ಜಾಗದಲ್ಲಿ ಓಡಿಸಿ, ರೆಕಾರ್ಡಿಂಗ್ ನೋಡಿ. ನಂಬರ್ ಓದಲು ಬರದಿದ್ದರೆ ಅಳವಡಿಸಿದವರಿಗೆ ಬಾಕಿ ಹಣ ಕೊಡಬೇಡಿ.

ಕಳ್ಳರು ಕದ್ದ ಬೈಕಿನಲ್ಲೇ ಬರುತ್ತಾರಲ್ಲ, ನಂಬರ್ ಸುಳ್ಳಿರುತ್ತದಲ್ಲ ಎಂದು ಕೇಳುವವರಿದ್ದಾರೆ. ಸುಳ್ಳು ನಂಬರೂ ಬೇಕು. ಅದೇ ಸುಳ್ಳು ನಂಬರ್ ಮುಂದಿನ ವೃತ್ತದ ಕ್ಯಾಮೆರಾದಲ್ಲಿ, ಅದರ ಮುಂದಿನ ಪೆಟ್ರೋಲ್ ಬಂಕಿನಲ್ಲಿ ಸಿಗುತ್ತದೆ, ಹೋದ ದಾರಿ ತೆರೆದುಕೊಳ್ಳುತ್ತದೆ. ಬೈಕು ಕಳೆದುಕೊಂಡವರ ದೂರಿಗೂ ಇದಕ್ಕೂ ಗಂಟು ಬೀಳುತ್ತದೆ. ಆದ್ದರಿಂದಲೇ ಹಳೇ ಬೈಕು ಕಳುವಾದಾಗ ‘ಹೋದರೆ ಹೋಗಲಿ, ಇನ್ಶೂರೆನ್ಸೂ ಇರಲಿಲ್ಲ’ ಎಂದು ದೂರು ಕೊಡದೆ ಸುಮ್ಮನಾಗುವುದು ದೊಡ್ಡ ತಪ್ಪು. ಆ ಬೈಕು ಇನ್ನೊಂದು ಬಡಾವಣೆಯಲ್ಲಿ ಯಾರದೋ ಕತ್ತಿನ ಸರಕ್ಕೆ ಕೈ ಹಾಕಲು ಬಳಕೆಯಾಗುತ್ತದೆ.

ಕ್ಯಾಮೆರಾದ ದೃಶ್ಯ ಉಳಿಸಿಡುವ ಪೆಟ್ಟಿಗೆ, ಡಿವಿಆರ್ ಬಗ್ಗೆ ಎರಡು ಮಾತು. ಸೆಕೆಂಡಿಗೆ 2 ಮೆಗಾಬಿಟ್ (ಎಂಬಿಪಿಎಸ್) ದರದಲ್ಲಿ ದಿನವಿಡೀ ರೆಕಾರ್ಡ್ ಮಾಡುವ ಒಂದು ಕ್ಯಾಮೆರಾಕ್ಕೆ ದಿನಕ್ಕೆ 21.6 ಜಿಬಿ ಬೇಕು. ನಾಲ್ಕು ಕ್ಯಾಮೆರಾ, 1 ಟಿಬಿ ಡಿಸ್ಕ್ ಅಂದರೆ ಹನ್ನೊಂದು ದಿನಕ್ಕೆ ಹಳೆಯದು ಅಳಿದು ಹೋಗುತ್ತದೆ. ಪೊಲೀಸರು ಇನ್ನೊಂದು ಪ್ರಕರಣದ ಜಾಡು ಹಿಡಿದು ಮೂರನೇ ವಾರ ನಿಮ್ಮ ಬಾಗಿಲಿಗೆ ಬಂದಾಗ ಏನೂ ಇರುವುದಿಲ್ಲ. ತಿಂಗಳು ಉಳಿಯಬೇಕಾದರೆ 3 ಟಿಬಿಗೆ ಕಡಿಮೆ ಸಾಲದು. ಗಡಿಯಾರವನ್ನೂ ನೋಡಿ. ಕರೆಂಟ್ ಹೋಗಿ ಬಂದಾಗಲೆಲ್ಲ ಸಮಯ ತಪ್ಪುವ ಡಿವಿಆರ್‌ಗಳು ಬೇಕಾದಷ್ಟಿವೆ. ಇಂಟರ್ನೆಟ್‌ನಿಂದ ತಾನೇ ಸಮಯ ಸರಿಪಡಿಸಿಕೊಳ್ಳುವ ಆಯ್ಕೆಯನ್ನು ಹಾಕಿಡಿ. ಅದಿಲ್ಲದಿದ್ದರೆ ಘಟನೆಯ ದಿನ ಮೊಬೈಲಿನ ಸಮಯ, ಡಿವಿಆರ್ ಸಮಯ ಎರಡೂ ಒಂದೇ ಫೋಟೊದಲ್ಲಿ ಬರುವಂತೆ ತೆಗೆದಿಡಿ. ಹನ್ನೆರಡು ನಿಮಿಷ ಹಿಂದಿದೆ ಎಂದು ಗೊತ್ತಿದ್ದರೆ ತೊಂದರೆಯಿಲ್ಲ, ಗೊತ್ತಿಲ್ಲದಿದ್ದರೆ ತನಿಖೆಯವರು ಮುಂದಿನ ಎಲ್ಲ ಕ್ಯಾಮೆರಾಗಳಲ್ಲೂ ತಪ್ಪು ಹೊತ್ತನ್ನೇ ಹುಡುಕುತ್ತಾರೆ.

ಮಾನಿಟರ್ ಎದುರು ಮೊಬೈಲ್ ಹಿಡಿದು ತೆಗೆದ ವಿಡಿಯೊವನ್ನೇ ಸಾಕ್ಷಿ ಎಂದು ಭಾವಿಸಬೇಡಿ. ಅದು ಗುಂಪಿನಲ್ಲಿ ಹಂಚಲು ಸರಿ. ಪೆನ್‌ಡ್ರೈವ್ ಹಾಕಿ ಡಿವಿಆರ್‌ನಿಂದಲೇ ಮೂಲ ಫೈಲ್ ಇಳಿಸಿ, ಘಟನೆಗೆ ಅರ್ಧ ಗಂಟೆ ಹಿಂದಿನಿಂದ ಶುರುಮಾಡಿ. ಸರ ಕೀಳುವವರು ಅದಕ್ಕೆ ಮುಂಚೆ ಒಂದೆರಡು ಸುತ್ತು ಹೊಡೆದು ನೋಡಿಕೊಂಡು ಹೋಗಿರುತ್ತಾರೆ, ಆ ಸುತ್ತಿನಲ್ಲಿ ಹೆಲ್ಮೆಟ್ ಗಾಜು ಮೇಲಿರುವ ಸಾಧ್ಯತೆ ಉಂಟು. ನ್ಯಾಯಾಲಯದಲ್ಲಿ ಆ ಫೈಲ್ ನಿಲ್ಲಬೇಕಾದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕು, ಅದಕ್ಕೆ ಡಿವಿಆರ್ ನೋಡಿಕೊಳ್ಳುವವರ ಸಹಿ ಕೇಳುತ್ತಾರೆ. ಸಹಿಗೆ ಹೆದರಿ ‘ನಮ್ಮ ಕ್ಯಾಮೆರಾ ಕೆಟ್ಟಿದೆ’ ಎನ್ನುವ ಮನೆಗಳು ಎಷ್ಟೋ. ಆ ಒಂದು ಸಹಿಯಿಲ್ಲದೆ ಹಿಡಿದ ಕಳ್ಳನೂ ಬಿಟ್ಟುಹೋಗಬಹುದು, ದಯವಿಟ್ಟು ಹೆದರಬೇಡಿ.

ಸರ ಹೋದ ಕ್ಷಣಕ್ಕೆ ಬರೋಣ. ಮೊದಲ ಕರೆ ಗಂಡನಿಗೂ ಅಲ್ಲ, ಸಂಘದ ಅಧ್ಯಕ್ಷರಿಗೂ ಅಲ್ಲ, ತುರ್ತು ಸಂಖ್ಯೆ 112ಕ್ಕೆ. ಇಂಥ ಜೋಡಿಗಳು ಒಂದೇ ಬೆಳಿಗ್ಗೆ, ಒಂದೇ ಗಾಡಿಯಲ್ಲಿ, ಅಕ್ಕಪಕ್ಕದ ಬಡಾವಣೆಗಳಲ್ಲಿ ಎರಡು ಮೂರು ಕಡೆ ಕೈ ಹಾಕುವುದು ಹಳೆಯ ರೂಢಿ. ನಿಮ್ಮ ಕರೆ ಐದು ನಿಮಿಷದಲ್ಲಿ ಹೋದರೆ ಪೊಲೀಸರ ಹೊಯ್ಸಳ ಗಸ್ತು ಗಾಡಿಗಳಿಗೆ ವೈರ್‌ಲೆಸ್‌ನಲ್ಲಿ ವಿವರ ಹೋಗುತ್ತದೆ, ಮೂರನೆಯವರ ಸರ ಉಳಿಯಬಹುದು. ಹೇಳಬೇಕಾದ್ದು ಇಷ್ಟೇ: ಜಾಗ, ಹತ್ತಿರದ ಗುರುತು, ಯಾವ ಕಡೆಗೆ ಹೋದರು, ಗಾಡಿಯ ಬಣ್ಣ, ಎಷ್ಟು ಜನ. ಆಮೇಲೆ ನೆನಪು ಮಾಡಿಕೊಳ್ಳುವಾಗ ಅಂಗಿಗಿಂತ ಚಪ್ಪಲಿ, ಶೂ ಮುಖ್ಯ. ಜಾಕೆಟ್ಟನ್ನು ಮುಂದಿನ ಗಲ್ಲಿಯಲ್ಲೇ ಬಿಚ್ಚಿ ಚೀಲಕ್ಕೆ ಹಾಕುತ್ತಾರೆ, ಶೂ ಬದಲಿಸುವುದಿಲ್ಲ. ಗಾಡಿಯ ಒಂದು ಕನ್ನಡಿ ಇಲ್ಲದಿರುವುದು, ಮಡ್‌ಗಾರ್ಡಿನ ಸ್ಟಿಕರ್, ಇವೂ ಹಾಗೇ.

ಠಾಣೆಯಲ್ಲಿ ಒಂದು ಮಾತಿಗೆ ಗಟ್ಟಿಯಾಗಿ ನಿಲ್ಲಿ. ಕಿತ್ತುಕೊಂಡು ಹೋದ ಮೊಬೈಲಿಗೆ ಪೊಲೀಸರ ‘ಇ-ಲಾಸ್ಟ್’ನಲ್ಲಿ ವರದಿ ಹಾಕಿಬಿಡಿ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಅದು ಕಳೆದುಹೋದ ವಸ್ತುವಿಗೆ. ಅದರಲ್ಲಿ ಅಪರಾಧ ದಾಖಲಾಗುವುದಿಲ್ಲ, ತನಿಖೆಯೂ ಇಲ್ಲ, ಆ ರಸ್ತೆಗೆ ಗಸ್ತು ಹೆಚ್ಚಿಸಲು ಲೆಕ್ಕವೂ ಸಿಗುವುದಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಕಿತ್ತುಕೊಳ್ಳುವುದಕ್ಕೆಂದೇ 304ನೇ ಕಲಮು ಇದೆ, ಮೂರು ವರ್ಷದವರೆಗೆ ಶಿಕ್ಷೆ. ಎಳೆದಾಗ ಕುತ್ತಿಗೆಗೆ ಗಾಯವಾಗಿದ್ದರೆ, ಬಿದ್ದು ಮಂಡಿ ಒಡೆದಿದ್ದರೆ ಅದನ್ನು ದೂರಿನಲ್ಲಿ ಬರೆಯಿರಿ, ಆಸ್ಪತ್ರೆಯ ಗಾಯದ ಪ್ರಮಾಣಪತ್ರ ಮಾಡಿಸಿ. ಕಳವಿಗಾಗಿ ನೋವು ಮಾಡಿದರೆ ಅದು 309ನೇ ಕಲಮಿನ ಸುಲಿಗೆ, ಹತ್ತು ವರ್ಷದವರೆಗೆ ಅಥವಾ ಜೀವಾವಧಿ ಶಿಕ್ಷೆ. ‘ಚಿಕ್ಕ ಗಾಯ, ಬಿಡಿ’ ಎಂದು ಸಂಕೋಚದಿಂದ ಬಿಟ್ಟ ಆ ಒಂದು ಸಾಲು ಪ್ರಕರಣದ ತೂಕವನ್ನೇ ಇಳಿಸುತ್ತದೆ. ‘ನಮ್ಮ ಸರಹದ್ದಲ್ಲ’ ಎನ್ನುವಂತಿಲ್ಲ. ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಂತೆ ಯಾವ ಠಾಣೆಯಲ್ಲಾದರೂ ದೂರು ತೆಗೆದುಕೊಳ್ಳಬೇಕು, ಎಫ್‌ಐಆರ್ ಪ್ರತಿಯನ್ನು ಉಚಿತವಾಗಿ ಕೊಡಬೇಕು. ಸರದ ಬಿಲ್ಲು, ತೂಕ, ಹಾಕಿಕೊಂಡ ಫೋಟೊ, ಹಾಲ್‌ಮಾರ್ಕಿನ ಆರು ಅಕ್ಷರ-ಅಂಕಿಗಳ ಗುರುತಾದ ಎಚ್‌ಯುಐಡಿ ಇದ್ದರೆ ಅದೂ ದೂರಿನ ಜೊತೆ ಇರಲಿ. ಮಾಲು ಸಿಕ್ಕಾಗ ನ್ಯಾಯಾಲಯದಿಂದ ಬಿಡಿಸಿಕೊಳ್ಳಲು ಇವೇ ಬೇಕಾಗುವುದು.

ಮೊಬೈಲಾದರೆ ಅವಸರ ಇನ್ನೂ ಹೆಚ್ಚು. ಮಾತಾಡುವಾಗ ಕಿತ್ತ ಫೋನಿನ ಬೀಗ ತೆರೆದೇ ಇರುತ್ತದೆ. ಬೇರೆಯವರ ಫೋನಿನಿಂದ ಮೊದಲು ಸಿಮ್ ನಿಲ್ಲಿಸಿ, ಬ್ಯಾಂಕಿಗೆ ಹೇಳಿ ಯುಪಿಐ ನಿಲ್ಲಿಸಿ, ಫೋನನ್ನು ದೂರದಿಂದಲೇ ಲಾಕ್ ಮಾಡಿ. ಹಣ ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930. ಎಫ್‌ಐಆರ್ ಪ್ರತಿ ಕೈಗೆ ಬಂದ ಮೇಲೆ ಕಳುವಾದ ಫೋನು ನಿಲ್ಲಿಸುವ ಸರ್ಕಾರಿ ತಾಣ ಸಿಇಐಆರ್‌ನಲ್ಲಿ ಫೋನಿನ ಗುರುತಿನ ಸಂಖ್ಯೆ ಐಎಂಇಐ ಹಾಕಿ ಬ್ಲಾಕ್ ಮಾಡಿಸಿ. ಆ ಸಂಖ್ಯೆ ಇವತ್ತೇ *#06# ಒತ್ತಿ ನೋಡಿ, ಫೋನಿನಲ್ಲಲ್ಲ, ಕಾಗದದಲ್ಲಿ ಬರೆದಿಡಿ. ಸಿಮ್‌ಗೂ ಪಿನ್ ಹಾಕಬಹುದು. ಆದರೆ ಕಂಪನಿಯ ಮೂಲ ಪಿನ್ ತಿಳಿಯದೆ ಊಹಿಸಬೇಡಿ, ಮೂರು ಸಲ ತಪ್ಪಿದರೆ ಸಿಮ್ಮೇ ಬಂದ್ ಆಗುತ್ತದೆ.

ಈಗ ನೋವಿನ ಮಾತು. 2018ರ ಮೇ ತಿಂಗಳಲ್ಲಿ ಚಾಮರಾಜಪೇಟೆಯಲ್ಲಿ, ಮಕ್ಕಳ ಕಳ್ಳ ಎಂಬ ವಾಟ್ಸಪ್ ವದಂತಿಯನ್ನು ನಂಬಿ ರಾಜಸ್ಥಾನದ ಯುವಕನೊಬ್ಬನನ್ನು ಜನ ಹೊಡೆದು ಕೊಂದರು. ಅವನು ಕಳ್ಳನಾಗಿರಲಿಲ್ಲ. ‘ಹೊಸಬರು ಓಡಾಡುತ್ತಿದ್ದಾರೆ, ಹುಷಾರ್’ ಎಂದು ಯಾರದೋ ಫೋಟೊ ಹಾಕುವ ಪ್ರತಿ ಬಡಾವಣೆಯ ಗುಂಪೂ ಆ ದಾರಿಯಲ್ಲೇ ಒಂದು ಹೆಜ್ಜೆ ಇಡುತ್ತಿದೆ. ಗುಂಪಿನ ನಿಯಮ ಹೀಗಿರಲಿ: ಘಟನೆ, ಜಾಗ, ಹೊತ್ತು, ಗಾಡಿ ಬರೆಯಬಹುದು, ಮನುಷ್ಯನ ಫೋಟೊ, ಅವನ ಊರು, ಭಾಷೆ, ಜಾತಿ ಬರೆಯುವಂತಿಲ್ಲ, ಫೋಟೊ ಇದ್ದರೆ ಠಾಣೆಗೆ ಮಾತ್ರ. ಕಣ್ಣೆದುರೇ ಕಿತ್ತವನನ್ನು ಹಿಡಿದರೆ ಕೂರಿಸಿ, ತಕ್ಷಣ 112ಕ್ಕೆ ಒಪ್ಪಿಸಿ. ಖಾಸಗಿಯವರು ಹಿಡಿದವನನ್ನು ಆರು ಗಂಟೆಯೊಳಗೆ ಪೊಲೀಸರ ವಶಕ್ಕೆ ಕೊಡಲೇಬೇಕು ಎನ್ನುತ್ತದೆ ಕಾನೂನು. ಕೈ ಮಾಡಿದರೆ ಆರೋಪಿಗಳು ನೀವಾಗುತ್ತೀರಿ.

ಕೊನೆಗೆ ದೀಪ. ಬೀದಿ ದೀಪ ಬೆಸ್ಕಾಂನದ್ದಲ್ಲ, ಪಾಲಿಕೆಯದ್ದು; 1912ಕ್ಕೆ ಹೇಳಿದರೆ ಕೆಲಸವಾಗದು, 1533ಕ್ಕೆ ಹೇಳಿ. ‘ನಮ್ಮ ರಸ್ತೆ ಕತ್ತಲೆ’ ಎನ್ನಬೇಡಿ, ಕಂಬದ ಸಂಖ್ಯೆ ಹೇಳಿ, ಸಂಖ್ಯೆ ಅಳಿಸಿದ್ದರೆ ಎದುರಿನ ಮನೆ ನಂಬರ್ ಹೇಳಿ, ದೂರಿನ ಸಂಖ್ಯೆ ಬರೆದುಕೊಳ್ಳಿ. ಎಷ್ಟೋ ಕಡೆ ದೀಪ ಉರಿಯುತ್ತಲೇ ಇರುತ್ತದೆ, ಹೊಂಗೆಯ ಕೊಂಬೆ ಅದನ್ನು ಮುಚ್ಚಿರುತ್ತದೆ. ಅದು ದೀಪದ ದೂರಲ್ಲ, ಪಾಲಿಕೆಯ ಅರಣ್ಯ ವಿಭಾಗದ್ದು, ಬೇರೆಯೇ ಕೊಡಬೇಕು. ಒಂದು ರಾತ್ರಿ ಊಟವಾದ ಮೇಲೆ ಇಬ್ಬರು ಮೂವರು ಬಸ್ ನಿಲ್ದಾಣದಿಂದ ಮನೆತನಕ ನಡೆದು, ನೆರಳು ಬೀಳುವ ಜಾಗಗಳನ್ನೆಲ್ಲ ಬರೆದುಕೊಳ್ಳಿ. ಆ ಪಟ್ಟಿಯ ಒಂದು ಪ್ರತಿ ಪಾಲಿಕೆ ಎಂಜಿನಿಯರಿಗೆ, ಇನ್ನೊಂದು ನಿಮ್ಮ ಬೀಟ್ ಪೊಲೀಸಿಗೆ. ಹದಿನೈದು ದಿನ ಬಿಟ್ಟು ಅದೇ ಹೊತ್ತಿಗೆ, ಅದೇ ದಾರಿಯಲ್ಲಿ ಮತ್ತೆ ನಡೆಯಿರಿ.