ಚೌಕಾಸಿ ಮಾಡದ ಗಿರಾಕಿ

ಹಳೇ ಫೋನ್ ಮಾರಬೇಕು ಅಂದರೆ ಮೊದಲು ಅಟ್ಟ ಹತ್ತಬೇಕು. ಮೂರು ವರ್ಷದಿಂದ ಜೋಪಾನ ಮಾಡಿದ ಖಾಲಿ ಡಬ್ಬ ಅಲ್ಲಿರುತ್ತದೆ. ಮನೆಯ ಕಂದಾಯದ ರಸೀದಿ ಎಲ್ಲಿದೆ ಅಂತ ಗೊತ್ತಿಲ್ಲದವರೂ ಫೋನಿನ ಡಬ್ಬವನ್ನು ಕತ್ತಲಲ್ಲಿ ತಡಕಿ ತೆಗೆಯುತ್ತಾರೆ. "ಬಿಲ್, ಬಾಕ್ಸ್, ಚಾರ್ಜರ್ ಎಲ್ಲಾ ಇದೆ" ಎಂದು ಬರೆಯುವ ಒಂದು ಸುದಿನಕ್ಕಾಗಿ ನಾವೆಲ್ಲ ಅದನ್ನು ಕಾಪಾಡಿಕೊಂಡು ಬಂದಿರುತ್ತೇವೆ.

ನಾನೂ ಹತ್ತಿದೆ. ಡಬ್ಬದ ಧೂಳು ಒರೆಸಿದೆ. ಮನೆಗೇ ಬಂದು ಕೊಳ್ಳುವ ಆ್ಯಪ್ ಒಂದರಲ್ಲಿ ಮೊದಲು ರೇಟು ಕೇಳಿದೆ. "9,200 ರೂಪಾಯಿವರೆಗೆ" ಎಂದಿತು. ಈ "ವರೆಗೆ" ಎಷ್ಟು ಆಳದ ಬಾವಿ ಅಂತ ತಿಳಿದದ್ದು ಅವರ ಹುಡುಗ ಬಂದ ಮೇಲೆ. ಅವನು ಫೋನಿಗೆ ಟಾರ್ಚ್ ಬಿಟ್ಟು ನೋಡಿದ. ಹೆಣ್ಣು ನೋಡಲು ಬಂದ ಗಂಡಿನ ಸೋದರತ್ತೆಯೂ ಹಾಗೆ ನೋಡುವುದಿಲ್ಲ. ಅದನ್ನು ಮಾತಾಡಿಸಿದ, ಹಾಡಿಸಿದ, ನಡುಗಿಸಿದ. ಕೊನೆಗೆ "ಮೂಲೇಲಿ ಒಂದು ಗೀರು ಇದೆ ಸಾರ್" ಎಂದು 4,600 ರೂಪಾಯಿ ಹೇಳಿದ. ಆ ಗೀರು ಇಷ್ಟು ದಿನ ನಮ್ಮ ಮನೆಯಲ್ಲಿ ಬಾಡಿಗೆ ಕೊಡದೆ ಇತ್ತು ನೋಡಿ, 4,600 ರೂಪಾಯಿಯ ಗೀರು.

ಕಾಫಿ ಕೊಟ್ಟು ಕಳಿಸಿದೆ. ಸ್ವತಂತ್ರವಾಗಿ ಮಾರೋಣ ಅಂತ ಜಾಹೀರಾತು ಹಾಕಲು ಕೂತೆ.

ಈ ಜಾಹೀರಾತುಗಳ ಭಾಷೆಯೇ ಬೇರೆ. "ಸಿಂಗಲ್ ಹ್ಯಾಂಡ್" ಅಂದರೆ ಒಬ್ಬರೇ ಬಳಸಿದ್ದು. "ಲೇಡಿ ಯೂಸ್ಡ್" ಅಂದರೆ ನೆಲಕ್ಕೆ ಬಿದ್ದಿಲ್ಲ ಅಂತ ಅರ್ಥವಂತೆ. ನಮ್ಮ ಮನೆಯ ಲೇಡಿ ಇದನ್ನು ಓದಿ ನಕ್ಕಳು, ಅವಳ ಫೋನು ಆಗ ಸೋಫಾ ಕೆಳಗಿತ್ತು. "ಡಾಕ್ಟರ್ ಯೂಸ್ಡ್" ಎಂದೂ ಒಬ್ಬರು ಹಾಕಿದ್ದರು. ಡಾಕ್ಟರ್ ಬಳಸಿದರೆ ಬ್ಯಾಟರಿಯ ಆಯುಸ್ಸು ಜಾಸ್ತಿ ಆಗುತ್ತಾ? ನಾನು ಇದ್ದದ್ದನ್ನು ಇದ್ದ ಹಾಗೆ ಬರೆದೆ. ಮೂರು ವರ್ಷ ಹಳೆಯದು, ಮೂಲೆಯಲ್ಲಿ ಗೀರು, 11,000 ರೂಪಾಯಿ. ಚೌಕಾಸಿಗೆ ಎರಡು ಸಾವಿರ ಸೇರಿಸಿಯೇ ಬರೆದಿದ್ದೆ, ನಾನೇನು ಹರಿಶ್ಚಂದ್ರನಲ್ಲ.

ಹತ್ತು ನಿಮಿಷಕ್ಕೆ ಶುರುವಾಯಿತು. "ಲಾಸ್ಟ್ ಎಷ್ಟು?" ಫೋಟೋ ನೋಡಿಲ್ಲ, ಮಾದರಿ ಕೇಳಿಲ್ಲ, ನಮಸ್ಕಾರ ಇಲ್ಲ, ಲಾಸ್ಟ್ ಎಷ್ಟು. ಒಬ್ಬರು 3,000 ಕೊಡುತ್ತೇನೆ, ಮನೆಗೆ ತಂದುಕೊಡಿ ಎಂದರು. ಅವರ ಮನೆ ತುಮಕೂರಿನಲ್ಲಿ, ನಾನು ಬೆಂಗಳೂರಿನಲ್ಲಿ. ಇನ್ನೊಬ್ಬರು ತಮ್ಮ ಹಳೇ ವಾಷಿಂಗ್ ಮಷೀನ್ ಜೊತೆ ಎಕ್ಸ್‌ಚೇಂಜ್ ಮಾಡ್ತೀರಾ ಎಂದು ಕೇಳಿದರು. ಮತ್ತೊಬ್ಬರು ರಾತ್ರಿ ಹನ್ನೆರಡಕ್ಕೆ "ಇದೆಯಾ?" ಎಂದು ಕೇಳಿ, ನಾನು "ಇದೆ" ಎಂದ ಕೂಡಲೇ ಸಂತೃಪ್ತಿಯಿಂದ ಮಲಗಿಬಿಟ್ಟರು.

ಈ ಗದ್ದಲದ ನಡುವೆ ಒಬ್ಬ ಸಜ್ಜನ ಬಂದ.

ನಮಸ್ತೆ ಹೇಳಿದ. ಆರೋಗ್ಯ ವಿಚಾರಿಸಿದ. ತಾನು ಸೇನೆಯಲ್ಲಿರುವುದಾಗಿ ಹಿಂದಿಯಲ್ಲಿ ಹೇಳಿದ. ಫೋನು ಹೆಂಡತಿಗಂತೆ. 11,000 ಎಂದೆ. "ಠೀಕ್ ಹೈ ಸರ್" ಎಂದ. ಒಂದು ರೂಪಾಯಿ ಇಳಿಸು ಅನ್ನಲಿಲ್ಲ. ನನಗೆ ಕಣ್ಣು ತುಂಬಿ ಬಂತು. ದೇಶ ಕಾಯುವವನಿಗೆ ಆ ಎರಡು ಸಾವಿರ ಸೇರಿಸಿ ಹೇಳಿದೆನಲ್ಲ ಅಂತ ನಾಚಿಕೆಯೂ ಆಯಿತು.

ಸೇನೆಯ ಕ್ಯಾಂಟೀನ್ ಕಾರ್ಡ್ ಫೋಟೋ ಬಂತು. ಆಧಾರ್ ಬಂತು. ಸಮವಸ್ತ್ರದ ಫೋಟೋ ಬಂತು. ಪೋಸ್ಟಿಂಗ್ ಯಲಹಂಕದಲ್ಲಿ ಎಂದ. ಹಾಗಾದರೆ ಅಲ್ಲೇ ಯಲಹಂಕದ ಸಂತೆ ಸರ್ಕಲ್ ಹತ್ತಿರ ಸಿಗೋಣ ಎಂದೆ. ಅದು ಯಾವ ರಾಜ್ಯ ಎಂದು ಕೇಳಿದ. ಹೊಸದಾಗಿ ಬಂದಿರಬೇಕು, ಪಾಪ. ತನ್ನನ್ನು ಗೇಟಿನಿಂದ ಹೊರಗೆ ಬಿಡುವುದಿಲ್ಲ, ಕೊರಿಯರ್ ಹುಡುಗ ಬರುತ್ತಾನೆ, ದುಡ್ಡು ಈಗಲೇ ಹಾಕುತ್ತೇನೆ ಎಂದು ಒಂದು ಕ್ಯೂಆರ್ ಕೋಡ್ ಕಳಿಸಿದ. "ಸ್ಕ್ಯಾನ್ ಮಾಡಿ, ಪಿನ್ ಒತ್ತಿ, ದುಡ್ಡು ನಿಮಗೆ ಬರುತ್ತದೆ. ನಮ್ಮ ಆರ್ಮಿ ಅಕೌಂಟು ಉಲ್ಟಾ ಕೆಲಸ ಮಾಡುತ್ತದೆ."

ಈ ಮಾತು ನನಗೆ ಆಗ ವಿಚಿತ್ರ ಅನ್ನಿಸಲಿಲ್ಲ ಅನ್ನುವುದೇ ವಿಚಿತ್ರ. ದಿನಕ್ಕೆ ಹತ್ತು ಸಲ ಕ್ಯೂಆರ್ ಸ್ಕ್ಯಾನ್ ಮಾಡುವ ಊರಿನಲ್ಲಿ ಬದುಕುತ್ತಿದ್ದೇನೆ. ನಮ್ಮ ಬೀದಿಯ ಎಳನೀರಿನವನು ದುಡ್ಡು ಬೇಕಾದಾಗ ನನ್ನ ಕೋಡ್ ಹುಡುಕಿಕೊಂಡು ಬರುತ್ತಾನಾ? ತನ್ನದನ್ನು ಗಾಡಿಗೆ ನೇತು ಹಾಕಿದ್ದಾನೆ. ಅದರೊಳಗೆ ಇರುವುದು ಅವನ ಖಾತೆಯ ವಿಳಾಸ. ಸ್ಕ್ಯಾನ್ ಮಾಡುವವನು ಕೊಡುವವನು, ಕೋಡ್ ತೋರಿಸುವವನು ಪಡೆಯುವವನು. ಪಿನ್ ಬೇಕಾಗುವುದು ದುಡ್ಡು ಕೊಡುವಾಗ, ಇಲ್ಲವೇ ಬ್ಯಾಲೆನ್ಸ್ ನೋಡುವಾಗ. ಬರುವ ದುಡ್ಡಿಗೆ ಏನೂ ಒತ್ತಬೇಕಾಗಿಲ್ಲ, ಮಲಗಿದ್ದರೂ ಬರುತ್ತದೆ. ಯುಪಿಐ ಬಂದದ್ದು 2016ರಲ್ಲಿ. ಇಷ್ಟು ವರ್ಷದಲ್ಲಿ ಎಳನೀರಿನವನು ಒಂದು ಸಲವೂ ಉಲ್ಟಾ ಮಾಡಿಲ್ಲ. ಆದರೂ ಡಿಗ್ರಿ ಮಾಡಿದ ನಾನು ಬೆರಳು ಎತ್ತಿದ್ದೆ.

"ಎಷ್ಟಕ್ಕೆ ಹೋಯ್ತು ರೀ?" ಎಂದು ಒಳಗಿನಿಂದ ನನ್ನಾಕೆ ಕೇಳಿದಳು.

"ಹನ್ನೊಂದಕ್ಕೇ. ಪೂರ್ತಿ."

"ಚೌಕಾಸಿ?"

"ಮಾಡಲೇ ಇಲ್ಲ."

"ಹಾಗಾದ್ರೆ ಕಳ್ಳ, ಇಡಿ ಫೋನು" ಎಂದಳು. ಕೊತ್ತಂಬರಿ ಸೊಪ್ಪಿನ ಕಟ್ಟಿಗೇ ಎರಡು ರೂಪಾಯಿ ಇಳಿಸದೆ ಯಾರೂ ತಗೊಳ್ಳದ ದೇಶದಲ್ಲಿ, ಗೀರು ಬಿದ್ದ ಫೋನಿಗೆ ಹೇಳಿದಷ್ಟು ಕೊಡುವವನು ಕೊಡುವ ಯೋಚನೆಯನ್ನೇ ಮಾಡಿರುವುದಿಲ್ಲ. ಅವನಿಗೆ 11,000 ಆದರೇನು, 11 ಲಕ್ಷ ಆದರೇನು. ಬ್ಯಾಂಕು, ಪೊಲೀಸು, ರಿಸರ್ವ್ ಬ್ಯಾಂಕು ಎಲ್ಲರೂ ಸೇರಿ ಕೊಟ್ಟ ಎಚ್ಚರಿಕೆಗಳಲ್ಲಿ ಇದೊಂದು ಮಾತು ನಾನು ಎಲ್ಲೂ ಓದಿರಲಿಲ್ಲ.

ಮರುದಿನ ಇನ್ನೊಂದು ಹೊಳೆಯಿತು. ಅವನು ಕಳಿಸಿದ ಆಧಾರ್ ಯಾರದು? ಹಿಂದೆ ಯಾರೋ ನನ್ನಂಥವನೇ "ನಾನು ಮೋಸಗಾರನಲ್ಲ" ಎಂದು ಸಾಬೀತು ಮಾಡಲು ಅವನಿಗೆ ಕಳಿಸಿದ್ದಿರಬಹುದು. ನಾನೂ ನನ್ನದನ್ನು ಕಳಿಸುವವನೇ ಇದ್ದೆ. ಕಳಿಸಿದ್ದರೆ ಇಷ್ಟು ಹೊತ್ತಿಗೆ ನನ್ನ ಮುಖ ಹುಬ್ಬಳ್ಳಿಯಲ್ಲಿ ಯಾರದೋ ಫ್ರಿಜ್ ಕೊಳ್ಳುತ್ತಿತ್ತು. ಇದರಲ್ಲಿ ನಿಜವಾಗಿ ಕಷ್ಟಕ್ಕೆ ಬಿದ್ದಿರುವವರು ಅಸಲಿ ಸೈನಿಕರು. ರಜೆಗೆ ಬಂದ ಯೋಧನೊಬ್ಬ ಬೈಕ್ ಮಾರಲು ಹೊರಟು "ನಾನು ಆರ್ಮಿ" ಎಂದರೆ ಸಾಕು, ಜನ ಫೋನ್ ಕಟ್ ಮಾಡುತ್ತಾರೆ. ಗಡಿಯಲ್ಲಿ ನಿಲ್ಲುವವನು ಜಾಹೀರಾತಿನಲ್ಲಿ ಮಾತ್ರ ತಾನು ಕ್ಲರ್ಕ್ ಎಂದು ಸುಳ್ಳು ಹೇಳಬೇಕು.

ಹಾಗಂತ ನಮಗೆ ಯಾರೂ ಹೇಳಲಿಲ್ಲ ಅಂತಲ್ಲ. 2025ರ ಜೂನ್‌ವರೆಗೂ ಯಾರಿಗೆ ಕಾಲ್ ಮಾಡಿದರೂ ರಿಂಗ್ ಆಗುವ ಮುಂಚೆ ಸೈಬರ್ ವಂಚನೆಯ ಎಚ್ಚರಿಕೆ ಕೇಳಬೇಕಿತ್ತು. ನಾವು ಆ ಹೊತ್ತಿನಲ್ಲಿ ಫೋನು ಕಿವಿಯಿಂದ ದೂರ ಹಿಡಿದು ಉಗುರು ನೋಡಿಕೊಂಡೆವು. ಜನ ಬೇಜಾರಾಗಿ ದೂರು ಕೊಟ್ಟರು, ನಿಲ್ಲಿಸಿದರು. ಆಮೇಲೆ 2025ರ ಅಕ್ಟೋಬರ್ 1ರಿಂದ, ವ್ಯಕ್ತಿಗಳು ಯುಪಿಐಯಲ್ಲಿ ಒಬ್ಬರಿಗೊಬ್ಬರು ಕಳಿಸುತ್ತಿದ್ದ "ದುಡ್ಡು ಕೊಡಿ" ಎಂಬ ಕಲೆಕ್ಟ್ ಕೋರಿಕೆಯನ್ನೇ ತೆಗೆದುಹಾಕಿದರು. ಮುಂಚೆ ಕಳ್ಳರು ಅದನ್ನು ಕಳಿಸಿ "ಒಪ್ಪಿಗೆ ಒತ್ತಿ, ದುಡ್ಡು ಬರುತ್ತೆ" ಅನ್ನುತ್ತಿದ್ದರು. ಒಳ್ಳೆಯದೇ ಆಯಿತು. ಕಳ್ಳನಿಗೆ ಒಂದು ಗುಂಡಿ ಕಡಿಮೆಯಾಯಿತು, ಕ್ಯೂಆರ್ ಕೋಡ್ ಹಾಗೇ ಉಳಿಯಿತು.

ನಮ್ಮ ಪಕ್ಕದ ಮನೆಯ ನಿವೃತ್ತ ಮೇಷ್ಟ್ರಿಗೆ ಕೋಡೂ ಬೇಕಾಗಲಿಲ್ಲ. ಅವರು ಮಾರಲು ಹೊರಟದ್ದು 1,500 ರೂಪಾಯಿಯ ಬಟನ್ ಫೋನು. ಗಿರಾಕಿ ಕಾಲ್ ಮಾಡಿ ಗೋಳಾಡಿದ. "ಅಯ್ಯೋ ಸಾರ್, ಒಂದು ಸೊನ್ನೆ ಜಾಸ್ತಿ ಒತ್ತಿಬಿಟ್ಟೆ, 15,000 ಬಂದಿದೆ ನೋಡಿ." ಮೆಸೇಜ್ ಬಂದಿತ್ತು. ಅದು ಹತ್ತಂಕಿಯ ಮಾಮೂಲಿ ಮೊಬೈಲ್ ನಂಬರಿನಿಂದ ಬಂದದ್ದು. ಬ್ಯಾಂಕಿನ ಮೆಸೇಜು ಅಕ್ಷರದ ಹೆಸರಿನಿಂದ ಬರುತ್ತದೆ, ಮೊಬೈಲ್ ನಂಬರಿನಿಂದಲ್ಲ. ಮೇಷ್ಟ್ರು ಖಾತೆ ತೆರೆದು ನೋಡಲಿಲ್ಲ. ಪರರ ದುಡ್ಡು ಪಾಷಾಣ ಎಂದು ಮೂವತ್ತು ವರ್ಷ ಪಾಠ ಮಾಡಿದವರು. ತಕ್ಷಣ 13,500 ರೂಪಾಯಿ "ವಾಪಸ್" ಕಳಿಸಿದರು. ತಮ್ಮ ಪಿಂಚಣಿಯಿಂದ.

ಇಲ್ಲಿಂದ ಮುಂದಿನದು ನಮ್ಮ ಮನೆಮನೆಯ ಕಥೆ. ಇಂಥ ಹೊತ್ತಿಗೆ 1930 ಎಂಬ ಸಹಾಯವಾಣಿ ಇದೆ. ಬೇಗ ಕಾಲ್ ಮಾಡಿದರೆ ದುಡ್ಡು ಮುಂದಿನ ಖಾತೆಗಳಿಗೆ ಹಾರುವ ಮೊದಲೇ ತಡೆಯುವ ಅವಕಾಶ ಇರುತ್ತದೆ. ಮೊದಲ ಒಂದೆರಡು ಗಂಟೆಯೇ ಮುಖ್ಯ. ಆ ಎರಡು ಗಂಟೆ ಮೇಷ್ಟ್ರು ಹೆಂಡತಿಗೆ ಹೇಳುವುದೋ ಬೇಡವೋ ಎಂದು ಯೋಚಿಸಿದರು. ಸಂಜೆ ಮಗನಿಗೆ ಹೇಳುವುದೋ ಬೇಡವೋ ಎಂದು ಯೋಚಿಸಿದರು. ಮರುದಿನ ದೇವಸ್ಥಾನಕ್ಕೆ ಹೋಗಿ ಬಂದರು. ಮೂರನೆಯ ದಿನ 1930ಕ್ಕೆ ಕಾಲ್ ಮಾಡಿದರು. ಕಳ್ಳನ ಖಾತೆಯಲ್ಲಿ ಆಗ ಉಳಿದಿದ್ದು ಬಡತನ. ಆ ಮೂರು ದಿನ ಗುಟ್ಟು ಕಾಪಾಡಿ ಕಳ್ಳನಿಗೆ ಸಹಾಯ ಮಾಡಿದ್ದು ಮೇಷ್ಟ್ರ ಮರ್ಯಾದೆ.

ಇರಲಿ, ನನ್ನ ಫೋನು ಇನ್ನೂ ಮಾರಾಟವಾಗಿರಲಿಲ್ಲ.

ಎಂಟನೇ ದಿನ ಅಸಲಿ ಗಿರಾಕಿ ಸಿಕ್ಕ. ಅಸಲಿ ಅಂತ ಗೊತ್ತಾಗಿದ್ದು ಹೇಗೆಂದರೆ, ನಲವತ್ತು ನಿಮಿಷ ಬರೀ ರೇಟಿನ ಬಗ್ಗೆ ಜಗಳವಾಡಿದ. 6,000ಕ್ಕೆ ಶುರು ಮಾಡಿದ. ಬ್ಯಾಟರಿಯನ್ನು ಬೈದ, ಬಣ್ಣವನ್ನು ಬೈದ, ಕೊನೆಗೆ ನನ್ನ ಡಬ್ಬವನ್ನೂ ಬೈದ. ಎಷ್ಟು ಹಿತವಾಗಿತ್ತು ಅಂತೀರಿ! 8,450ಕ್ಕೆ ಕುದುರಿತು. ಆ ಐವತ್ತಕ್ಕಾಗಿಯೇ ಹತ್ತು ನಿಮಿಷ ಹಿಡಿದಿತ್ತು.

ರಾತ್ರಿ ಕೂತು ಫೋನನ್ನು ತೊಳೆದೆ. ಬ್ಯಾಕಪ್ ತೆಗೆದು, ಯುಪಿಐ ಆ್ಯಪ್‌ಗಳಿಂದ ಹೊರಬಂದು, ಗೂಗಲ್ ಖಾತೆಯನ್ನು ಮೊದಲು ತೆಗೆದು, ಆಮೇಲೆ ಫ್ಯಾಕ್ಟರಿ ರೀಸೆಟ್. ಈ ಕ್ರಮ ತಪ್ಪಿದರೆ ಫೋನು ಹಳೇ ಯಜಮಾನನ ಪಾಸ್‌ವರ್ಡನ್ನೇ ಕೇಳುತ್ತಾ ಕೂರಬಹುದು. ಪಾಪದ ಗಿರಾಕಿ ನಡುರಾತ್ರಿ ಕಾಲ್ ಮಾಡಿ "ಪಾಸ್‌ವರ್ಡ್ ಹೇಳಿ ಸಾರ್" ಅನ್ನುತ್ತಾನೆ, ನಾವು ಅವನನ್ನೇ ಕಳ್ಳ ಎಂದು ಬ್ಲಾಕ್ ಮಾಡುತ್ತೇವೆ.

ಬೆಳಗ್ಗೆ ವಿಜಯನಗರ ಮೆಟ್ರೋ ನಿಲ್ದಾಣದ ಕೆಳಗೆ ಸಿಕ್ಕೆವು. ಕ್ಯಾಮೆರಾ ಇರುವ ಜಾಗ, ಜನ ಓಡಾಡುವ ಹೊತ್ತು. ನಾನು ಅವನನ್ನು ಅನುಮಾನದಿಂದ ನೋಡಿದೆ. ಅವನು ನನ್ನನ್ನು ಇನ್ನೂ ಜಾಸ್ತಿ ಅನುಮಾನದಿಂದ ನೋಡುತ್ತಿದ್ದ. ಕದ್ದ ಫೋನ್ ಮಾರುವವನ ಮುಖ ನನಗಿದೆಯಂತೆ. ಬಿಲ್ ಕೇಳಿದ. ಸ್ಟಾರ್, ಹ್ಯಾಶ್, 06, ಹ್ಯಾಶ್ ಒತ್ತಿ ಹದಿನೈದು ಅಂಕಿಯ ಐಎಂಇಐ, ಅಂದರೆ ಫೋನಿನ ಗುರುತಿನ ನಂಬರು ತೆಗೆದ. ಡಬ್ಬದ ಮೇಲಿನ ನಂಬರಿನ ಜೊತೆ ಬೆರಳಿಟ್ಟು ತಾಳೆ ನೋಡಿದ. ನನ್ನ ಡಬ್ಬಕ್ಕೆ ಸಿಕ್ಕ ಮೊದಲ ಗೌರವ ಅದು. ಅದನ್ನು ಸರ್ಕಾರದ ಸಂಚಾರ್ ಸಾಥಿ ತಾಣದಲ್ಲಿ ಹಾಕಿ ಇದು ಕಳವು ಎಂದು ಬ್ಲಾಕ್ ಆಗಿದೆಯೇ ಎಂದೂ ಪರೀಕ್ಷಿಸಿದ. ಇಲ್ಲ ಎಂದು ಬಂದಾಗ ಅವನಿಗೆ ಸ್ವಲ್ಪ ನಿರಾಸೆಯಾದ ಹಾಗೆ ಕಂಡಿತು, ಆಗಿದ್ದರೆ ಇನ್ನೂ ಐನೂರು ಇಳಿಸಬಹುದಿತ್ತಲ್ಲ.

ಆಮೇಲೆ ದುಡ್ಡು. ನಾನು ಕೋಡ್ ತೋರಿಸಿದೆ, ಅವನು ಸ್ಕ್ಯಾನ್ ಮಾಡಿದ. ಅವನ ಫೋನು "ಆಯಿತು" ಎಂದು ಹಸಿರು ಗುರುತು ತೋರಿಸಿತು. ನನ್ನ ಖಾತೆಗೆ ಬರಲಿಲ್ಲ. "ಹೋಗಿದೆ ನೋಡಿ ಸಾರ್" ಎಂದು ಅವನು ಪರದೆ ತೋರಿಸಿದ. ಪರದೆ ಯಾರು ಬೇಕಾದರೂ ತೋರಿಸಬಹುದು, ಅದಕ್ಕೂ ಆ್ಯಪ್ ಇದೆ. "ನನಗೆ ಬಂದಿಲ್ಲ ನೋಡಿ" ಎಂದು ನಾನು ನನ್ನದನ್ನು ತೋರಿಸಿದೆ. ಸರ್ವರ್ ನಿಧಾನ ಇತ್ತು. ಅಷ್ಟೂ ಹೊತ್ತು ಹಳೇ ಫೋನಿನ ಒಂದು ತುದಿ ನನ್ನ ಕೈಯಲ್ಲಿ, ಇನ್ನೊಂದು ತುದಿ ಅವನ ಕೈಯಲ್ಲಿ. ಹೋಗುವವರು ಬರುವವರು ಹುಬ್ಬೇರಿಸಿ ನೋಡಿದರು. ಆಟೋದವರೊಬ್ಬರು ಗಾಡಿ ನಿಲ್ಲಿಸಿ "ಏನ್ ಸಾರ್, ಕಿತ್ಕೊಳ್ತಿದಾನಾ?" ಎಂದು ಕೇಳಿದರು. ಯಾರನ್ನು ಕೇಳಿದರೋ ಗೊತ್ತಾಗಲಿಲ್ಲ, ಇಬ್ಬರೂ "ಹೂಂ" ಎಂದೆವು.

ಆರು ನಿಮಿಷಕ್ಕೆ ಬ್ಯಾಂಕಿನ ಮೆಸೇಜ್ ಬಂತು. ಖಾತೆಯನ್ನೂ ತೆರೆದು ನೋಡಿ ಕೈ ಬಿಟ್ಟೆ. ಅವನು ಫೋನನ್ನು ಬಿಸಿಲಿಗೆ ಹಿಡಿದು ಮತ್ತೊಂದು ಸಲ ತಿರುಗಿಸಿದ.

"ಸಾರ್, ಟೆಂಪರ್ ಗ್ಲಾಸ್ ಒಡೆದಿದೆ. ನೂರು ರೂಪಾಯಿ ವಾಪಸ್ ಹಾಕಿ."

"ಆಗಲ್ಲ. ಐವತ್ತು."

ಅವನು ತನ್ನ ಕ್ಯೂಆರ್ ಕೋಡ್ ತೆಗೆದು ನನ್ನ ಮುಂದೆ ಹಿಡಿದ. ನಾನು ಸ್ಕ್ಯಾನ್ ಮಾಡಿದೆ, ಪಿನ್ ಒತ್ತಿದೆ. ದುಡ್ಡು ಹೋಯಿತು.