ಸ್ಪಷ್ಟನೆ: ಆ ‘ಪೋಸ್ಟ್ ಹಾಕುವ ಸಮಯ’ದ ಪಟ್ಟಿ ವರ್ಷಪೂರ್ತಿ ನಡೆಯುವುದಿಲ್ಲ

‘ಭಾರತದ ರಾತ್ರಿ 9ಕ್ಕೆ ಪೋಸ್ಟ್ ಹಾಕಿ, ಆಗ ದುಬೈನಲ್ಲಿ ರಾತ್ರಿ 7.30, ಲಂಡನ್‌ನಲ್ಲಿ ಸಂಜೆ 4.30, ನ್ಯೂಯಾರ್ಕ್‌ನಲ್ಲಿ ಬೆಳಿಗ್ಗೆ 11.30, ವರ್ಷಪೂರ್ತಿ ಇದೇ ಲೆಕ್ಕ’ ಎಂಬ ಪಟ್ಟಿ ಕನ್ನಡ ಸಂಘಗಳ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಅದನ್ನು ಬರೆದವನು ನಾನೇ. ಬರೆದದ್ದು ಜುಲೈನಲ್ಲಿ. ‘ವರ್ಷಪೂರ್ತಿ’ ಎಂಬ ಮಾತು ತಪ್ಪು.

ಭಾರತ, ದುಬೈಗಳಲ್ಲಿ ಗಡಿಯಾರ ಬದಲಾಗುವುದಿಲ್ಲ. ಆ ಸಾಲು ಸರಿಯಾಗಿಯೇ ಇದೆ. ಬ್ರಿಟನ್ ಅಕ್ಟೋಬರ್‌ನ ಕೊನೆಯ ಭಾನುವಾರ, ಅಮೆರಿಕದ ಬಹುತೇಕ ರಾಜ್ಯಗಳು ನವೆಂಬರ್‌ನ ಮೊದಲ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತವೆ. ಆಮೇಲೆ ನಮ್ಮ ರಾತ್ರಿ 9 ಎಂದರೆ ಲಂಡನ್‌ನಲ್ಲಿ ಮಧ್ಯಾಹ್ನ 3.30, ನ್ಯೂಯಾರ್ಕ್‌ನಲ್ಲಿ ಬೆಳಿಗ್ಗೆ 10.30. ಮಾರ್ಚ್‌ನಲ್ಲಿ ಮತ್ತೆ ಮುಂದಕ್ಕೆ: ಅಮೆರಿಕ ಎರಡನೇ ಭಾನುವಾರ, ಬ್ರಿಟನ್ ಕೊನೆಯ ಭಾನುವಾರ. ಒಂದು ದೇಶ ಗಡಿಯಾರ ತಿರುಗಿಸಿ ಇನ್ನೊಂದು ತಿರುಗಿಸದ ನಡುವಿನ ದಿನಗಳಲ್ಲಿ ಲಂಡನ್, ನ್ಯೂಯಾರ್ಕ್‌ಗಳ ಪೈಕಿ ಒಂದಕ್ಕೆ ಹಳೆಯ ಲೆಕ್ಕ, ಇನ್ನೊಂದಕ್ಕೆ ಹೊಸ ಲೆಕ್ಕ.

ರಾಜ್ಯೋತ್ಸವದ ಶುಭಾಶಯ ಹಾಕುವವರು ಇದನ್ನು ಗಮನಿಸಬೇಕು. 2026ರ ನವೆಂಬರ್ 1 ಭಾನುವಾರ. ಅಮೆರಿಕದ ಗಡಿಯಾರ ಹಿಂದಕ್ಕೆ ಸರಿಯುವುದು ಅಂದೇ, ಅಲ್ಲಿನ ನಸುಕಿನ 2 ಗಂಟೆಗೆ!

ಹಳೆಯ ಪಟ್ಟಿಯನ್ನು ದಯವಿಟ್ಟು ಮುಂದಕ್ಕೆ ಕಳುಹಿಸಬೇಡಿ, ಗುಂಪಿನಲ್ಲಿದ್ದರೆ ಅಳಿಸಿಬಿಡಿ. ಮೊಬೈಲ್‌ನ ಗಡಿಯಾರಕ್ಕೆ ಆಯಾ ಊರನ್ನು ಸೇರಿಸಿಕೊಂಡರೆ ಅಂದಂದಿನ ಸಮಯ ಅಲ್ಲೇ ಕಾಣುತ್ತದೆ.