ಯೀಸ್ಟ್ ಸ್ಟಾರ್ಟರಿಗೆ ಚಿಟಿಕೆ ಸತು

ಮನೆಯಲ್ಲಿ ಬಿಯರ್ ತಯಾರಿಸುವವರು ಸ್ಟಾರ್ಟರ್ (ಬಿಯರಿಗೆ ಹಾಕುವ ಮುನ್ನ ಯೀಸ್ಟನ್ನು ಬೆಳೆಸಿಕೊಳ್ಳುವ ಚಿಕ್ಕ ದ್ರಾವಣ) ಮಾಡಲು ಹೊರಟಾಗಲೆಲ್ಲ ಕೇಳುವ ಪ್ರಶ್ನೆ, ಯಾವ ಯೀಸ್ಟ್ ಪೋಷಕ ಹಾಕಬೇಕು ಎಂಬುದು. ಪೂರ್ತಿ ಮಾಲ್ಟಿನಿಂದ, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯಿಂದ, ಮಾಡಿದ ಸ್ಟಾರ್ಟರಿಗೆ ಸತು ಇರುವ ಪೋಷಕವನ್ನೇ ಆರಿಸಬೇಕು, ಬರೀ ಡಿಎಪಿ (ಡೈಅಮೋನಿಯಂ ಫಾಸ್ಫೇಟ್, ಸಾರಜನಕ ಕೊಡುವ ಲವಣ) ಹರಳುಗಳನ್ನು ದೂರವಿಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ನಾನು ಈ ನಿಲುವಿಗೆ ಬರಲು ಹಲವು ವರ್ಷಗಳೇ ಬೇಕಾದವು, ಏಕೆಂದರೆ ಪೊಟ್ಟಣದ ಮುಂಬದಿಯಲ್ಲಿ 'ಯೀಸ್ಟ್ ಪೋಷಕ' ಎಂದು ದಪ್ಪಕ್ಷರದಲ್ಲಿ ಬರೆದಿದ್ದರೆ ಸಾಕು, ಹಿಂಬದಿಯನ್ನು ತಿರುಗಿಸಿ ನೋಡುವ ಅಭ್ಯಾಸವೇ ನನಗಿರಲಿಲ್ಲ. ಒಮ್ಮೆ ತಿರುಗಿಸಿ ನೋಡಿದಾಗ ಅಲ್ಲಿ ಇದ್ದದ್ದು ಡೈಅಮೋನಿಯಂ ಫಾಸ್ಫೇಟ್ ಎಂಬ ಒಂದೇ ಹೆಸರು.

ಡಿಎಪಿ ಕೆಟ್ಟ ವಸ್ತುವೇನಲ್ಲ. ಜೇನಿನಿಂದ ಮೀಡ್ ಎಂಬ ಮದ್ಯ ಮಾಡುವವರಿಗೆ ಅದರ ಅಗತ್ಯ ನಿಜವಾಗಿಯೂ ಇದೆ, ಏಕೆಂದರೆ ಜೇನಿನಲ್ಲಿ ಸಕ್ಕರೆ ಧಾರಾಳವಾಗಿದ್ದರೂ ಸಾರಜನಕ ತೀರಾ ಕಡಿಮೆ. ದ್ರಾಕ್ಷಾರಸದಲ್ಲೂ ಕೆಲವೊಮ್ಮೆ ಇದೇ ಕೊರತೆ ಕಾಣುತ್ತದೆ. ಆದರೆ ಮಾಲ್ಟಿನ ಕತೆ ಬೇರೆ. ಮೊಳಕೆಯೊಡೆಯುವ ಕಾಲಕ್ಕೇ ಬಾರ್ಲಿಯೊಳಗಿನ ಪ್ರೋಟೀನುಗಳು ಒಡೆಯತೊಡಗಿ ಅಮೈನೊ ಆಮ್ಲಗಳಾಗುತ್ತವೆ. ಒಂದು ಲೀಟರ್ ನೀರಿಗೆ 100 ಗ್ರಾಂ ಒಣ ಮಾಲ್ಟ್ ಸಾರ ಕದಡಿದರೆ ಸಿಗುವ, ಸುಮಾರು 1.037 ಗುರುತ್ವದ (ನೀರಿನದು 1.000) ವರ್ಟ್‌ನಲ್ಲಿ, ಅಂದರೆ ಹುದುಗುವ ಮುಂಚಿನ ಮಾಲ್ಟ್ ರಸದಲ್ಲಿ, ಯೀಸ್ಟಿಗೆ ಬೇಕಾದ ಸಾರಜನಕ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಅದರ ಮೇಲೆ ಸುಲಭವಾಗಿ ದಕ್ಕುವ ಅಮೋನಿಯಂ ಸುರಿದರೆ ಯೀಸ್ಟ್ ಮೊದಲು ಅದಕ್ಕೇ ಬಾಯಿ ಹಾಕುತ್ತದೆ, ಹಲವು ಅಮೈನೊ ಆಮ್ಲಗಳನ್ನು ಒಳಗೆ ಎಳೆದುಕೊಳ್ಳುವ ಕೆಲಸವನ್ನು ಹಿಂದಕ್ಕೆ ಹಾಕುತ್ತದೆ. ಮುಂದೆ ಮಾಲ್ಟಿನ ವರ್ಟ್‌ನಲ್ಲೇ ಬದುಕಬೇಕಾದ ಯೀಸ್ಟಿಗೆ ಇಂಥ ರೂಢಿಯನ್ನು ಸ್ಟಾರ್ಟರಿನಲ್ಲೇ ಹಿಡಿಸುವುದು ನನಗೆ ಸರಿ ಕಾಣುವುದಿಲ್ಲ. (ಡಿಎಪಿ ಬಳಸಲೇಬೇಕಾದವರು ಆಹಾರ ದರ್ಜೆಯದನ್ನೇ ಕೊಳ್ಳಿ. ಹೊಲಕ್ಕೆ ಹಾಕುವ ಗೊಬ್ಬರದ ಹೆಸರೂ ಅದೇ ಆಗಿರುವುದರಿಂದ ಈ ಮಾತು ಹೇಳಲೇಬೇಕಾಯಿತು.)

ಹಾಗಾದರೆ ಮಾಲ್ಟಿನಲ್ಲಿ ಕೊರತೆ ಬೀಳುವುದು ಯಾವುದು? ಹೆಚ್ಚಾಗಿ ಸತು. ಕಾಳಿನಲ್ಲಿ ಸತು ಇಲ್ಲವೆಂದಲ್ಲ. ರಸ ಬಸಿಯುವಾಗ ಅದರ ಬಹುಪಾಲು ಚರಟದಲ್ಲೇ ಉಳಿದುಬಿಡುತ್ತದೆ, ಮಿಕ್ಕಿದ್ದರಲ್ಲೂ ಒಂದಷ್ಟು ಕುದಿಯುವಾಗ ಹೆಪ್ಪುಗಟ್ಟುವ ಪ್ರೋಟೀನಿಗೆ ಅಂಟಿಕೊಂಡು ತಳ ಸೇರುತ್ತದೆ. ಅಸಿಟಾಲ್ಡಿಹೈಡನ್ನು ಆಲ್ಕೋಹಾಲಾಗಿ ಬದಲಿಸುವ ಕಿಣ್ವ ಕೆಲಸ ಮಾಡಬೇಕಾದರೆ ಅದರೊಳಗೆ ಸತುವಿನ ಅಯಾನು ಕೂತಿರಲೇಬೇಕು. ಹುದುಗುವಿಕೆಯ ಕೊನೆಯ ಮೆಟ್ಟಿಲೇ ಅದು. ಬೇಕಾಗುವ ಪ್ರಮಾಣವಾದರೋ ಅತ್ಯಲ್ಪ: ಲೀಟರಿಗೆ 0.1ರಿಂದ 0.3 ಮಿಲಿಗ್ರಾಂ. ಇಷ್ಟು ಸಣ್ಣ ಅಳತೆಯನ್ನು ಅಡುಗೆಮನೆಯ ಯಾವ ತಕ್ಕಡಿಯೂ ತೂಗಲಾರದು, ಸತು ಮಿತಿಮೀರಿದರೆ ಯೀಸ್ಟಿಗೆ ವಿಷವೂ ಹೌದು. ಆದ್ದರಿಂದ ಸತುವಿನ ಲವಣವನ್ನು ಬಿಡಿಯಾಗಿ ತಂದು ಪ್ರಯೋಗಕ್ಕೆ ಇಳಿಯಬೇಡಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

ಉಳಿಯುವುದು ಎರಡು ದಾರಿ. ಸತುವಿರುವ ಮಾಧ್ಯಮದಲ್ಲಿ ಬೆಳೆಸಿ, ಕೊಂದು, ಒಣಗಿಸಿದ ಯೀಸ್ಟನ್ನೇ ಪೋಷಕವಾಗಿ ಬಳಸುವುದು ಒಂದು. ಸರ್ವೊಮೈಸಸ್ ಎಂಬ ಹೆಸರಿನ ಪೋಷಕ ಈ ಜಾತಿಯದು. ಜೀವಸತ್ವ, ಖನಿಜ, ಸತು, ಸಾವಯವ ಸಾರಜನಕ ಎಲ್ಲವನ್ನೂ ಬೆರೆಸಿದ, ಬಿಯರಿಗೆಂದೇ ಮಾಡಿದ ಪುಡಿ ಇನ್ನೊಂದು. ವೈಯೀಸ್ಟ್ ಕಂಪನಿಯ ಪುಡಿ ಇದಕ್ಕೆ ಉದಾಹರಣೆ. ಎರಡನ್ನೂ ಬಳಸಿದ್ದೇನೆ, ಎರಡರಲ್ಲೂ ತೃಪ್ತಿಯಿದೆ. ಎರಡೂ ಸಿಗದಿದ್ದಾಗ ಬ್ರೆಡ್ ಯೀಸ್ಟನ್ನು ವರ್ಟ್‌ನಲ್ಲೇ ಹತ್ತು ಹದಿನೈದು ನಿಮಿಷ ಚೆನ್ನಾಗಿ ಕುದಿಸಿ ಬಳಸುವ ಹಳೆಯ ಪದ್ಧತಿಯನ್ನೂ ನಾನು ಗೌರವಿಸುತ್ತೇನೆ. 1901ರಲ್ಲಿ ಬೆಲ್ಜಿಯಂನ ಲ್ಯೂವೆನ್‌ನಲ್ಲಿ ವೈಲ್ಡಿಯರ್ಸ್ ಎಂಬ ಸಂಶೋಧಕರು, ಸಕ್ಕರೆ, ಅಮೋನಿಯಂ ಮತ್ತು ಖನಿಜ ಲವಣಗಳಷ್ಟೇ ಇರುವ ದ್ರಾವಣಕ್ಕೆ ತೀರಾ ಸ್ವಲ್ಪ ಯೀಸ್ಟ್ ಹಾಕಿದರೆ ಅದು ಬೆಳೆಯುವುದಿಲ್ಲ, ಕುದಿಸಿದ ಯೀಸ್ಟಿನ ರಸ ಸೇರಿಸಿದರೆ ಬೆಳೆಯುತ್ತದೆ ಎಂದು ತೋರಿಸಿದರು. ಆ ರಸದಲ್ಲಿದ್ದ ಅಜ್ಞಾತ ವಸ್ತುವಿಗೆ 'ಬಯೋಸ್' ಎಂದು ಹೆಸರಿಟ್ಟರು. ಅದು ಒಂದೇ ವಸ್ತುವಲ್ಲ, ಇನಾಸಿಟಾಲ್, ಬಯೋಟಿನ್ ಮೊದಲಾದವುಗಳ ಕೂಟ ಎಂಬುದು ಆಮೇಲೆ ತಿಳಿಯಿತು. ಸತ್ತ ಯೀಸ್ಟ್ ಬದುಕಿರುವ ಯೀಸ್ಟಿಗೆ ಆಹಾರ ಎಂಬ ಮಾತಿಗೆ ಇಷ್ಟು ಗಟ್ಟಿಯಾದ ಬುನಾದಿಯಿದೆ. ಬ್ರೆಡ್ ಯೀಸ್ಟಿನಲ್ಲಿ ಸತು ಎಷ್ಟಿದೆಯೆಂದು ಪೊಟ್ಟಣ ಹೇಳುವುದಿಲ್ಲ ಎಂಬುದೊಂದೇ ನನ್ನ ತಕರಾರು.

ಯಾವ ಪೋಷಕವೂ ಆಮ್ಲಜನಕದ ಜಾಗವನ್ನು ತುಂಬಲಾರದು ಎಂಬುದನ್ನೂ ಒತ್ತಿ ಹೇಳಬೇಕು. ಯೀಸ್ಟಿನ ಕೋಶಪೊರೆಗೆ ಬೇಕಾದ ಸ್ಟೆರಾಲುಗಳು ತಯಾರಾಗುವುದಕ್ಕೆ ಆಮ್ಲಜನಕವೇ ಬೇಕು, ಆದ್ದರಿಂದ ಕೈಯಲ್ಲಿ ದುಡ್ಡು ಕಡಿಮೆಯಿದ್ದರೆ ಮೊದಲು ಸ್ಟರ್ ಪ್ಲೇಟ್ (ಸ್ಟಾರ್ಟರನ್ನು ಕಲಕುತ್ತ ಗಾಳಿ ಬೆರೆಸುವ ಸಾಧನ) ಕೊಳ್ಳಿ, ಆಮೇಲೆ ಪೋಷಕ. ಒಣ ಯೀಸ್ಟ್ ಬಳಸುವವರಿಗೆ ಸ್ಟಾರ್ಟರಿನ ಗೊಡವೆಯೇ ಸಾಮಾನ್ಯವಾಗಿ ಬೇಕಿಲ್ಲ.

ಪುಡಿಯನ್ನು ಯಾವಾಗ ಹಾಕಬೇಕು ಎಂಬುದರಲ್ಲಿ ನನಗೆ ಪಾಠ ಕಲಿಸಿದ್ದು ಒಂದು ಗಾಜಿನ ಫ್ಲಾಸ್ಕ್. ವರ್ಟ್ ಕುದಿದು ಒಲೆ ಆರಿಸಿದ ಮೇಲೆ, ಮೇಲ್ಮೈ ಶಾಂತವಾಗಿ ಕಂಡಿತೆಂದು ಪುಡಿಯನ್ನು ಉದುರಿಸಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ನೊರೆ ಕತ್ತಿನುದ್ದಕ್ಕೂ ಏರಿ ಬಾಯಿಂದ ಉಕ್ಕಿತು. ಅಂಟಂಟಾದ ಬಿಸಿ ವರ್ಟ್ ನನ್ನ ಮಣಿಕಟ್ಟಿನ ಮೇಲೂ ಹರಿಯಿತು. ಕಾದ ದ್ರವಕ್ಕೆ ಬಿದ್ದ ಒಂದೊಂದು ಕಣದ ಸುತ್ತಲೂ ಒಮ್ಮೆಲೇ ಗುಳ್ಳೆಗಳು ಹುಟ್ಟುವುದೇ ಇದಕ್ಕೆ ಕಾರಣ. ಅಂದಿನಿಂದ ತಣ್ಣೀರಿನಲ್ಲಿರುವಾಗಲೇ ಮಾಲ್ಟ್ ಸಾರದ ಜೊತೆ ಪುಡಿಯನ್ನೂ ಕದಡಿ, ಆಮೇಲೆ ಹತ್ತು ನಿಮಿಷ ಕುದಿಸುತ್ತೇನೆ. ವೈಯೀಸ್ಟಿನ ಪುಡಿಗೆ ಹೇಳಿರುವ ಅಳತೆ 19 ಲೀಟರಿಗೆ 2.2 ಗ್ರಾಂ, ಅಂದರೆ ಒಂದು ಲೀಟರಿನ ಸ್ಟಾರ್ಟರಿಗೆ ಸುಮಾರು 0.12 ಗ್ರಾಂ. ಗ್ರಾಮಿನ ನೂರನೇ ಭಾಗ ತೋರಿಸುವ ಪುಟ್ಟ ತಕ್ಕಡಿಯ ಮೇಲೆ ಕಾಗದದ ಚೂರಿಟ್ಟು ಅದನ್ನು ತೂಗಿ ನೋಡಿ: ಆ ಪುಡಿ ಹೆಬ್ಬೆರಳಿನ ಉಗುರನ್ನೂ ಪೂರ್ತಿ ಮುಚ್ಚುವುದಿಲ್ಲ.